ಮಡಿದವರೆಲ್ಲರೂ ನಮ್ಮವರೇ

ಪ್ರತಿವರ್ಷ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಧ್ವಜಾರೋಹಣ ನೆರವೇರುತ್ತದೆ. 1948ರ ಅದೇ ದಿನ ನಿಜಾಮರು ಕದನವಿರಾಮ ಸಾರಿದರು. ಭಾರತೀಯ ಸೇನೆಯ ಐದು ದಿನಗಳ ಕಾರ್ಯಾಚರಣೆ ಮುಗಿದು ಹೈದರಾಬಾದು ಸಂಸ್ಥಾನ ಭಾರತದೊಳಗಾಯಿತು. ನಮ್ಮ ನಾಡಿಗೆ ಅದು ವಿಮೋಚನೆಯ ದಿನ.

ಆ ವಿಮೋಚನೆಗೆ ತೆತ್ತ ಬೆಲೆ ಅಪಾರ. ಕಾಸಿಂ ರಜ್ವಿಯ ರಜಾಕಾರರ ಹಾವಳಿಗೆ ಹಳ್ಳಿಹಳ್ಳಿಗಳು ನಲುಗಿದವು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡವನ್ನು ಜನ ಇಂದಿಗೂ ಮರೆತಿಲ್ಲ. ಆದರೆ ಕಾರ್ಯಾಚರಣೆಯ ಬೆನ್ನಲ್ಲೇ ಸೇಡಿನ ಕಿಚ್ಚು ಹಬ್ಬಿ, ರಜಾಕಾರರ ಪಾಪದಲ್ಲಿ ಪಾಲಿಲ್ಲದ ಸಾವಿರಾರು ಮುಸ್ಲಿಮರು ಹತರಾದರು. ನೆಹರೂ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಸಂಸ್ಥಾನದಾದ್ಯಂತ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಕಲಬುರಗಿ, ಬೀದರ್ ಮತ್ತು ನಾಂದೇಡ. ಪ್ರಾಣದ ಹಂಗು ತೊರೆದು ನೆರೆಯ ಮುಸ್ಲಿಮರನ್ನು ಕಾಪಾಡಿದ ಹಿಂದೂಗಳನ್ನೂ ಸಮಿತಿ ಸ್ಮರಿಸಿತು. ಆ ವರದಿ ಮಾತ್ರ ದಶಕಗಳ ಕಾಲ ಬೆಳಕು ಕಾಣಲಿಲ್ಲ.

ಕಲಬುರಗಿಯಿಂದ ಕಮಲಾಪುರವನ್ನು ಹಾದು ಬೀದರಿನತ್ತ ಸಾಗುವ ರಸ್ತೆಯುದ್ದಕ್ಕೂ ಎರಡೂ ಸಮುದಾಯಗಳ ಮಕ್ಕಳು ಮೊಮ್ಮಕ್ಕಳು ಇಂದು ಅಕ್ಕಪಕ್ಕದಲ್ಲಿ ಬಾಳುತ್ತಿದ್ದಾರೆ. ಒಬ್ಬರ ದುಃಖಕ್ಕೆ ಸ್ಮಾರಕ, ಇನ್ನೊಬ್ಬರ ದುಃಖಕ್ಕೆ ಮೌನ ಎಂದಾದರೆ ಗಾಯ ಮಾಯುವುದೆಂತು? ಪಾಪನಿವೇದನೆಯಲ್ಲಿ ಸತ್ಯ ಮೊದಲು, ಕ್ಷಮೆ ಅನಂತರ ಎಂಬುದನ್ನು ನಾವು ಬಲ್ಲೆವು. ನಾಡಿನ ಸಂಧಾನಕ್ಕೂ ಅದೇ ಕ್ರಮ.

ಬರುವ ನವೆಂಬರ್ 2ರ ಮೃತರ ಸ್ಮರಣೆಯಂದು ನಮ್ಮ ಕುಟುಂಬಗಳು ನಮ್ಮ ಹಿರಿಯರೊಡನೆ 1948ರಲ್ಲಿ ಮಡಿದವರೆಲ್ಲರನ್ನೂ ಮತಭೇದವೆಣಿಸದೆ ನೆನೆದು ಪ್ರಾರ್ಥಿಸಲಿ. ಅಂದಿನ ಕಥೆಯನ್ನು ಮಕ್ಕಳಿಗೆ ಹೇಳುವಾಗ ಅರ್ಧವನ್ನಲ್ಲ, ಪೂರ್ತಿಯಾಗಿ ಹೇಳೋಣ.