ಜೀವಕೋಶದ ಪೊರೆಯ ವ್ಯವಸ್ಥೆ

ನಮ್ಮ ದೇಹವು ಅಸಂಖ್ಯಾತ ಜೀವಕೋಶಗಳಿಂದಾದುದೆಂಬುದನ್ನು ವಿದ್ಯಾರ್ಥಿಗಳೆಲ್ಲರೂ ಪಾಠದಲ್ಲಿ ಓದಿರುವರು. ಕೋಶದ ಚಿತ್ರ ಬರೆಯುವಾಗ ಅದರ ಸುತ್ತಣ ಪೊರೆಯನ್ನು ಒಂದು ಗೆರೆಯಿಂದ ಸೂಚಿಸಿ ನಾವು ಮುಂದಕ್ಕೆ ಸಾಗುತ್ತೇವೆ. ಆದರೆ ಆ ಗೆರೆಯೊಳಗೇ ಒಂದು ವ್ಯವಸ್ಥೆಯಿದೆ. ಅದು ಕೆಟ್ಟರೆ ಕೋಶವು ಬಾಳಲಾರದು. ಆ ವ್ಯವಸ್ಥೆ ಎಂತಹುದೆಂಬುದನ್ನು ಇಲ್ಲಿ ವಿವರಿಸುವೆವು.

ಪೊರೆಯ ದಪ್ಪ ಸುಮಾರು 5 ನ್ಯಾನೊಮೀಟರ್. ಎರಡು ಲಕ್ಷ ಪೊರೆಗಳನ್ನು ಒಂದರ ಮೇಲೊಂದಿಟ್ಟರೆ ಒಂದು ಮಿಲಿಮೀಟರ್ ಆದೀತು! ಮೇದಸ್ಸು, ಅಂದರೆ ಲಿಪಿಡ್, ಇದರ ಮುಖ್ಯ ದ್ರವ್ಯಗಳಲ್ಲೊಂದು. ಈ ಅಣುಗಳಲ್ಲಿ ಹೆಚ್ಚಿನವಕ್ಕೆ ಒಂದು ತಲೆ, ಎರಡು ಬಾಲ. ತಲೆಗೆ ನೀರಿನಲ್ಲಿ ಒಲವು. ಬಾಲಗಳಿಗೆ ನೀರು ಆಗದು. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ಬೇರೆಯಾಗಿ ನಿಂತು, ಹನಿಗೆ ಹನಿ ಕೂಡಿಕೊಳ್ಳುವುದನ್ನು ನೋಡಿರುವಿರಷ್ಟೆ? ಬಾಲಗಳ ಸ್ವಭಾವವೂ ಅದೇ. ಕೋಶದ ಒಳಗೂ ನೀರು, ಹೊರಗೂ ನೀರು. ಆದುದರಿಂದ ಅಣುಗಳು ತಲೆಗಳನ್ನು ನೀರಿನ ಕಡೆಗೂ ಬಾಲಗಳನ್ನು ನಡುವೆಯೂ ಇರಿಸಿಕೊಂಡು, ತಾವಾಗಿಯೇ ಎರಡು ಪದರಗಳಾಗಿ ನಿಲ್ಲುತ್ತವೆ.

1925ರಲ್ಲಿ ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್ ಎಂಬವರು ಕೆಂಪು ರಕ್ತಕಣಗಳ ಮೇದಸ್ಸನ್ನು ಬೇರ್ಪಡಿಸಿ, ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿ ಅಳೆದರು. ಅದು ಹರಡಿದ ಜಾಗವು ಕಣಗಳ ಮೇಲ್ಮೈಯ ಎರಡರಷ್ಟಿತ್ತು. ಪೊರೆಯಲ್ಲಿ ಎರಡು ಪದರಗಳಿವೆಯೆಂಬ ತೀರ್ಮಾನಕ್ಕೆ ಇದೇ ಆಧಾರವಾಯಿತು.

ಹಾಗೆಂದು ಪೊರೆಯನ್ನು ಇಟ್ಟಿಗೆಯ ಗೋಡೆಯೆಂದು ತಿಳಿಯಬಾರದು. ಅದು ಹರಿದಾಡುವ ವಸ್ತುವೆಂದು 1972ರಲ್ಲಿ ಅಮೆರಿಕದ ಸಿಂಗರ್ ಮತ್ತು ನಿಕಲ್ಸನ್ ನಿರೂಪಿಸಿದರು. ಒಂದು ಅಣು ತನ್ನ ಪದರದಲ್ಲಿ ನೆರೆಯ ಅಣುವಿನೊಡನೆ ಸೆಕೆಂಡಿಗೆ ಸುಮಾರು ಒಂದು ಕೋಟಿ ಬಾರಿ ಸ್ಥಳ ಬದಲಿಸುತ್ತದೆ. ಚಳಿಗಾಲದಲ್ಲಿ ತುಪ್ಪ ಗಟ್ಟಿಯಾಗುತ್ತದೆ, ಕುಸುಬೆ ಎಣ್ಣೆ ಗಟ್ಟಿಯಾಗದು. ನೆಟ್ಟನೆಯ ಬಾಲಗಳು ಒತ್ತಾಗಿ ಕೂಡುತ್ತವೆ, ಬಾಗಿದ ಬಾಲಗಳು ಹಾಗೆ ಕೂಡಲಾರವು. ಅದೇ ಇದಕ್ಕೆ ಕಾರಣ. ಪೊರೆಯಲ್ಲಿ ಎರಡು ಬಗೆಯ ಬಾಲಗಳೂ ಇವೆ. ಅವುಗಳ ನಡುವೆ ಸೇರಿಕೊಂಡ ಕೊಲೆಸ್ಟರಾಲ್ ಪೊರೆಯನ್ನು ಹದದಲ್ಲಿಡುತ್ತದೆ.

ಎರಡು ಪದರಗಳೂ ಒಂದೇ ತೆರನಲ್ಲ. ಫಾಸ್ಫಟಿಡೈಲ್ ಸೆರಿನ್ ಎಂಬ ಅಣು ಸಾಮಾನ್ಯವಾಗಿ ಒಳಪದರದಲ್ಲಿಯೇ ಇರುತ್ತದೆ. ಕೋಶವು ಅವಸಾನಕ್ಕೆ ಬಂದಾಗ ಅದು ಹೊರಪದರದಲ್ಲಿ ಕಾಣಿಸಿಕೊಳ್ಳುತ್ತದೆ. ಆ ಗುರುತನ್ನು ಹಿಡಿದು ಭಕ್ಷಕ ಕೋಶಗಳು ಬಂದು ಅದನ್ನು ನುಂಗಿಬಿಡುತ್ತವೆ.

ಜಾತ್ರೆಯ ಜನಸಂದಣಿಯಲ್ಲಿ ಎಲ್ಲರೂ ನಡೆಯುತ್ತಿದ್ದರೂ ಒಂದೊಂದು ಮನೆಯವರು ಗುಂಪಾಗಿಯೇ ಇರುವುದುಂಟು. ಪೊರೆಯಲ್ಲಿಯೂ ಕೆಲವು ಮೇದಸ್ಸಿನ ಅಣುಗಳು ಕೊಲೆಸ್ಟರಾಲಿನೊಡನೆ ಗುಂಪುಗೂಡಿ ತೆಪ್ಪಗಳಂತೆ ತೇಲುತ್ತವೆಂದು 1997ರಲ್ಲಿ ಸೈಮನ್ಸ್ ಮತ್ತು ಇಕೊನೆನ್ ಪ್ರತಿಪಾದಿಸಿದರು. ಪೊರೆಯ ಕೆಲವು ಪ್ರೋಟೀನುಗಳು ಹೀಗೆಯೇ ಅತಿ ಚಿಕ್ಕ ಗುಂಪುಗಳಲ್ಲಿರುವುದನ್ನು 1998ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ವರ್ಮ ಮತ್ತು ಸತ್ಯಜಿತ್ ಮೇಯರ್ ತೋರಿಸಿದರು. ಈ ಗುಂಪುಗಳ ಗಾತ್ರ, ಆಯುಸ್ಸುಗಳ ವಿಷಯದಲ್ಲಿ ಇಂದಿಗೂ ಚರ್ಚೆ ನಡೆದಿದೆ.

ಇದರಿಂದ ಪ್ರಯೋಜನವೇನೆಂದು ಕೇಳುವವರಿಗೆ ನಮ್ಮ ಹೈದರಾಬಾದಿನಲ್ಲಿಯೇ ಉತ್ತರವಿದೆ. ಹಬ್ಸಿಗುಡದ ಉಪ್ಪಲ್ ರಸ್ತೆಯಲ್ಲಿ, 1977ರಲ್ಲಿ ಆರಂಭವಾದ ಸಿ.ಸಿ.ಎಂ.ಬಿ. ಎಂಬ ಸಂಶೋಧನ ಕೇಂದ್ರವಿದೆ. ಅಲ್ಲಿಯ ಅಮಿತಾಭ ಚಟ್ಟೋಪಾಧ್ಯಾಯರೂ ಸಂಗಡಿಗರೂ 2004ರಲ್ಲಿ ಒಂದು ವಿಷಯವನ್ನು ಪ್ರಕಟಿಸಿದರು. ಬಿಹಾರ, ಬಂಗಾಳಗಳಲ್ಲಿ ಬಹುಜನರನ್ನು ಕಾಡಿದ ಕಾಲಾ ಆಜಾರ್ ರೋಗದ ಪರೋಪಜೀವಿಯು ನಮ್ಮ ಭಕ್ಷಕ ಕೋಶಗಳನ್ನೇ ಹೊಕ್ಕು ಬೆಳೆಯುತ್ತದೆ. ಆ ಕೋಶಗಳ ಪೊರೆಯಲ್ಲಿ ಕೊಲೆಸ್ಟರಾಲನ್ನು ತಗ್ಗಿಸಿದಾಗ ಸೋಂಕು ಕಡಿಮೆಯಾಯಿತು! ಪೊರೆಯ ವ್ಯವಸ್ಥೆಯನ್ನು ಅರಿಯುವುದೆಂದರೆ ರೋಗವು ಒಳಬರುವ ಬಾಗಿಲನ್ನೇ ಅರಿತಂತೆ.

ಕನ್ನಡದಲ್ಲಿ ಓದಿದವರಿಗೆ ಇಂತಹ ವಿಷಯಗಳು ಎಟುಕವೆಂದು ಹೇಳುವವರುಂಟು. ಆ ಮಾತನ್ನು ನಾವು ಒಪ್ಪುವುದಿಲ್ಲ. ತಲೆ, ಬಾಲ, ನೀರು, ಎಣ್ಣೆ ಎಂಬ ನಾಲ್ಕು ಮನೆಮಾತುಗಳನ್ನು ಹಿಡಿದೇ ಇಷ್ಟು ದೂರ ಬಂದೆವಲ್ಲವೆ? ಉಳಿದ ದಾರಿಯನ್ನು ನಮ್ಮ ವಿದ್ಯಾರ್ಥಿಗಳು ನಡೆಯಲಿ.