ಯಾತ್ರೆಗೂ ಮುಂಚೆ ಹೊರಡುವ ಹಣ

ಸಮುದ್ರಮಟ್ಟದಿಂದ 3,583 ಮೀಟರ್ ಎತ್ತರದಲ್ಲಿರುವ ಕೇದಾರನಾಥವನ್ನು ತಲುಪಲು ಗೌರಿಕುಂಡದಿಂದ 16ರಿಂದ 18 ಕಿಲೋಮೀಟರಿನಷ್ಟು ಏರುಹಾದಿಯನ್ನು ನಡೆದೋ, ಕುದುರೆ ಅಥವಾ ಡೋಲಿಯಲ್ಲಿ ಕುಳಿತೋ ಕ್ರಮಿಸಬೇಕಾಗಿರುವುದರಿಂದ, ವಯಸ್ಸಾದ ಯಾತ್ರಿಕರಲ್ಲಿ ಅನೇಕರು ಗುಪ್ತಕಾಶಿ, ಫಾಟಾ ಮತ್ತು ಸೆರ್ಸಿಗಳಿಂದ ಹಾರುವ ಹೆಲಿಕಾಪ್ಟರುಗಳನ್ನು ನೆಚ್ಚುತ್ತಾರೆ. ದೇಗುಲದ ಬಾಗಿಲು ವರ್ಷದಲ್ಲಿ ಸುಮಾರು ಆರು ತಿಂಗಳು ಮಾತ್ರ ತೆರೆದಿರುತ್ತದೆ. ಮಳೆ ಮತ್ತು ಮಂಜಿನ ದಿನಗಳಲ್ಲಿ ಹಾರಾಟವೂ ನಿಲ್ಲುತ್ತದೆ. ಹೀಗೆ ಆಸನಗಳು ಕಡಿಮೆಯಾಗಿ ಬೇಡಿಕೆ ಅಪಾರವಾಗಿರುವ ಈ ಕೊರತೆಯೇ ಆನ್‌ಲೈನ್ ವಂಚಕರ ಬಂಡವಾಳ. ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿರುವ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರವು 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ ಕೇದಾರನಾಥದ ಹೆಲಿಕಾಪ್ಟರ್ ಟಿಕೆಟ್, ಯಾತ್ರಾಸ್ಥಳಗಳ ಅತಿಥಿಗೃಹ, ಟ್ಯಾಕ್ಸಿ ಹಾಗೂ ಪ್ರವಾಸ ಪ್ಯಾಕೇಜುಗಳ ಹೆಸರಿನಲ್ಲಿ ನಕಲಿ ಜಾಲತಾಣಗಳು, ಫೇಸ್‌ಬುಕ್ ಪುಟಗಳು ಮತ್ತು ವಾಟ್ಸ್‌ಆ್ಯಪ್ ಖಾತೆಗಳು ಹಬ್ಬಿರುವುದನ್ನು ಪ್ರಸ್ತಾಪಿಸಿತು.

ನಕಲಿ ತಾಣವನ್ನು ಅದರ ರೂಪದಿಂದ ಗುರುತಿಸುವುದು ಇಂದು ಕಷ್ಟ. ಲಾಂಛನ, ಚಿತ್ರ ಮತ್ತು ಬರಹಗಳೆಲ್ಲವನ್ನೂ ಅಸಲಿಯಿಂದ ಎತ್ತಿ ತರಬಹುದು. ಹುಡುಕಾಟದ ಫಲಿತಾಂಶದಲ್ಲಿ ಮೊದಲು ಕಾಣಿಸುವುದೂ ಪ್ರಾಮಾಣಿಕತೆಯ ಗುರುತಲ್ಲ, ಏಕೆಂದರೆ ಆ ಸ್ಥಾನವನ್ನು ಜಾಹೀರಾತಿನ ಹಣ ತೆತ್ತು ಪಡೆಯಲು ಸಾಧ್ಯ. ವಿಳಾಸದ ಪಕ್ಕದಲ್ಲಿ ಕಾಣುವ ಬೀಗದ ಚಿಹ್ನೆಯು ಬಳಕೆದಾರರ ಮತ್ತು ತಾಣದ ನಡುವಿನ ಮಾಹಿತಿ ಗೂಢಲಿಪಿಯಲ್ಲಿ ಸಾಗುತ್ತದೆಂದು ಹೇಳುತ್ತದೆಯೇ ಹೊರತು, ಆ ಮಾಹಿತಿಯನ್ನು ಪಡೆಯುವವನು ಯಾರೆಂಬುದಕ್ಕೆ ಹೊಣೆಯಾಗುವುದಿಲ್ಲ. ಒಡೆತನವನ್ನು ತಿಳಿಸುವುದು ವಿಳಾಸದಲ್ಲಿರುವ ತಾಣದ ಹೆಸರಿನ ಕೊನೆಯ ಭಾಗ. ಕೇದಾರನಾಥದ ಟಿಕೆಟ್ ನೀಡುವ ‘ಹೆಲಿಯಾತ್ರಾ ಡಾಟ್ ಐಆರ್‌ಸಿಟಿಸಿ ಡಾಟ್ ಕೊ ಡಾಟ್ ಇನ್’ ಎಂಬ ಅಧಿಕೃತ ವಿಳಾಸದಲ್ಲಿ ಐಆರ್‌ಸಿಟಿಸಿ ಎಂಬುದು ಮನೆಯೊಡೆಯನ ಹೆಸರಾದರೆ ಹೆಲಿಯಾತ್ರಾ ಎಂಬುದು ಆ ಮನೆಯೊಳಗಿನ ಒಂದು ಕೋಣೆ. ಇವೇ ಎರಡು ಪದಗಳನ್ನು ಅಡ್ಡಗೆರೆಯಿಂದ ಬೆಸೆದು ಬರೆದರೆ ಅದು ಯಾರು ಬೇಕಾದರೂ ಕೊಳ್ಳಬಹುದಾದ ಬೇರೆಯೇ ಹೆಸರಾಗುತ್ತದೆ. ‘ಗವ್ ಡಾಟ್ ಇನ್’ ಎಂಬ ಅಂತ್ಯವಾದರೋ ಸರ್ಕಾರಿ ವ್ಯವಸ್ಥೆಗೆ ಮೀಸಲು. ತಿರುಮಲ ತಿರುಪತಿ ದೇವಸ್ಥಾನದ ಜಾಲತಾಣವೂ ಆಂಧ್ರಪ್ರದೇಶ ಸರ್ಕಾರದ ಇಂಥ ವಿಳಾಸದಲ್ಲಿಯೇ ಇರುವುದರಿಂದ, ಅಲ್ಲಿಗೆ ದರ್ಶನದ ಟಿಕೆಟ್ ಕಾಯ್ದಿರಿಸುವ ಕನ್ನಡಿಗರಿಗೂ ಈ ಓದು ಉಪಯುಕ್ತ.

ವಿಳಾಸಕ್ಕಿಂತಲೂ ನಿರ್ಣಾಯಕವಾದುದು ಹಣ ಸಾಗುವ ದಾರಿ. ಕಾರ್ಡಿನ ಮೂಲಕ ಪಾವತಿಸಿದಾಗ, ಒಪ್ಪಿದ ಸೇವೆ ದೊರೆಯದಿದ್ದರೆ ಕಾರ್ಡ್ ನೀಡಿದ ಬ್ಯಾಂಕಿನ ಮುಖಾಂತರ ತಕರಾರು ಹೂಡಿ ಹಣವನ್ನು ಮರಳಿ ಕೇಳುವ ‘ಚಾರ್ಜ್‌ಬ್ಯಾಕ್’ ಎಂಬ ಕ್ರಮವುಂಟು. ಇನ್ನೊಬ್ಬರ ಖಾಸಗಿ ಖಾತೆಗೆ ಯುಪಿಐ ಮೂಲಕ ಕಳಿಸಿದ ಮೊತ್ತವಾದರೋ ಕೆಲವೇ ಕ್ಷಣಗಳಲ್ಲಿ ಜಮೆಯಾಗಿ, ಕಳಿಸಿದವರ ಹಿಡಿತದಿಂದ ಪೂರ್ತಿಯಾಗಿ ಹೊರಗೆ ಹೋಗುತ್ತದೆ. ಆದಕಾರಣ, ಪರಿಚಿತ ತಾಣದಲ್ಲಿ ಆರಂಭವಾದ ಮಾತುಕತೆಯನ್ನು ವಾಟ್ಸ್‌ಆ್ಯಪ್‌ಗೆ ಸೆಳೆದು, ನೇರವಾಗಿ ಕಳಿಸಿದರೆ ರಿಯಾಯಿತಿ ಎಂದು ಹೇಳುವ ಘಳಿಗೆಯೇ ಇಡೀ ವ್ಯವಹಾರದಲ್ಲಿ ಅತ್ಯಂತ ಅಪಾಯದ ಘಳಿಗೆ.

ಖಾಸಗಿ ಖಾತೆಗೆ ನೇರವಾಗಿ ಹಣ ಕೇಳುವವರನ್ನು ಶಂಕಿಸುವ ಈ ನಿಯಮ ಎಲ್ಲೆಡೆ ಸರಾಗವಾಗಿ ಅನ್ವಯಿಸುವುದಿಲ್ಲ ಎಂಬುದನ್ನೂ ಒಪ್ಪಬೇಕು. ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಅನೇಕ ಪ್ರಾಮಾಣಿಕ ಹೋಂಸ್ಟೇ ಮಾಲೀಕರು ತಮ್ಮ ಸ್ವಂತ ಮೊಬೈಲ್ ಸಂಖ್ಯೆಗೇ ಅಡ್ವಾನ್ಸ್ ಪಡೆಯುವುದರಿಂದ, ಕೇವಲ ಪಾವತಿಯ ವಿಧಾನದಿಂದ ಅಸಲಿ ಮತ್ತು ನಕಲಿಗಳನ್ನು ಬೇರ್ಪಡಿಸಲಾಗದು. ಇಲ್ಲಿ ಎರಡು ಪರೀಕ್ಷೆಗಳು ನೆರವಾಗುತ್ತವೆ: ಆ ಹೋಂಸ್ಟೇ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿದೆಯೇ ಎಂದು ವಿಚಾರಿಸುವುದು ಒಂದು, ಪಿನ್ ಒತ್ತುವ ಮುನ್ನ ಯುಪಿಐ ಆ್ಯಪ್ ತೋರಿಸುವ ಖಾತೆದಾರರ ಹೆಸರು ಮಾಲೀಕರು ಹೇಳಿದ ಹೆಸರಿಗೆ ತಾಳೆಯಾಗುತ್ತದೆಯೇ ಎಂದು ನೋಡುವುದು ಇನ್ನೊಂದು. ತಾಳೆಯಾಗದಿದ್ದಲ್ಲಿ ‘ಮ್ಯಾನೇಜರ್ ಖಾತೆ’ ಎಂಬ ವಿವರಣೆಗೆ ತಲೆದೂಗದೆ ಅಲ್ಲಿಗೇ ನಿಲ್ಲಿಸುವುದು ಕ್ಷೇಮ.

ಟಿಕೆಟ್ ಕೈಸೇರಿದ ನಂತರವೂ ಎಚ್ಚರ ಬೇಕಾಗುತ್ತದೆ. ಹೋಟೆಲಿನ ಬುಕಿಂಗ್ ಖಾತೆಯನ್ನೇ ವಶಪಡಿಸಿಕೊಂಡ ವಂಚಕರು ಅತಿಥಿಯ ಹೆಸರು, ತಂಗುವ ದಿನಾಂಕಗಳನ್ನೆಲ್ಲ ಸರಿಯಾಗಿ ನಮೂದಿಸಿ, ಕಾರ್ಡಿನ ವಿವರವನ್ನು ಮತ್ತೆ ತುಂಬಬೇಕೆಂದು ಸಂದೇಶ ಕಳಿಸಿರುವ ಪ್ರಕರಣಗಳು ಹಲವು ದೇಶಗಳಲ್ಲಿ ವರದಿಯಾಗಿವೆ. ಟಿಕೆಟ್ ರದ್ದಾದಾಗ ಗ್ರಾಹಕ ಸೇವೆಯ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕುವವರು ನಕಲಿ ಸಂಖ್ಯೆಗೆ ಕರೆ ಮಾಡಿ, ರಿಫಂಡ್ ಹೆಸರಿನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದೂ ಉಂಟು. ಹಣ ಪಡೆಯಲು ಯುಪಿಐ ಪಿನ್ ಎಂದಿಗೂ ಬೇಕಾಗುವುದಿಲ್ಲ. ರಿಫಂಡ್ ಹೆಸರಿನಲ್ಲಿ ಪಿನ್ ಕೇಳಿದೆಯೆಂದರೆ ಹಣ ಹೊರಗೆ ಹೋಗುತ್ತಿದೆಯೆಂದೇ ಅರ್ಥ.

ಹಣ ಕಳೆದುಕೊಂಡವರು ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು. ಜಿಲ್ಲೆಯ ಸೆನ್ ಠಾಣೆ, ಎಂದರೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಪೊಲೀಸ್ ಠಾಣೆಯಲ್ಲಿಯೂ ದೂರು ನೀಡಬಹುದು. ವಂಚನೆಯ ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಹಾರುತ್ತಾ ನಗದಾಗುವ ಮೊದಲೇ ದೂರು ತಲುಪಿದರೆ ಬ್ಯಾಂಕುಗಳು ಅದನ್ನು ತಡೆಹಿಡಿಯಬಲ್ಲವು. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯು, ಗ್ರಾಹಕರ ಅಥವಾ ಬ್ಯಾಂಕಿನ ತಪ್ಪಿಲ್ಲದೆ ನಡೆದ ಅನಧಿಕೃತ ವಹಿವಾಟನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದಲ್ಲಿ ಗ್ರಾಹಕರ ಮೇಲೆ ನಷ್ಟದ ಹೊರೆ ಇರದೆಂದು ಹೇಳಿತು. ಆದರೆ ಗುಪ್ತ ಸಂಖ್ಯೆಯನ್ನು ತಾವೇ ಬಿಟ್ಟುಕೊಟ್ಟಲ್ಲಿ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದೇ ಆಗುತ್ತದೆಂದೂ ಸ್ಪಷ್ಟಪಡಿಸಿತು. ನಕಲಿ ಬುಕಿಂಗ್‌ಗೆ ಬಲಿಯಾದವರಲ್ಲಿ ಹೆಚ್ಚಿನವರು ತಮ್ಮ ಕೈಯಾರೆ ಪಿನ್ ಒತ್ತಿದವರೇ ಆಗಿರುವುದರಿಂದ, ಇಂಥ ರಕ್ಷಣೆ ಅವರಿಗೆ ಸುಲಭವಾಗಿ ಒದಗದು. ಹಣ ಪಡೆಯುವವರು ಯಾರೆಂಬ ವಿಚಾರಣೆ ಪಾವತಿಗೆ ಮೊದಲೇ ಮುಗಿಯಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.