ಪರಿವಿಡಿ ತಿದ್ದುವ ಕ್ರಮ



ನಮ್ಮ ತೊರಪಲ್ಲಿ ಅಗ್ರಹಾರದ ಬಗ್ಗೆ ನೀವು ಒಂದು ಕಿರುಪುಸ್ತಕ ಮಾಡುತ್ತಿದ್ದೀರಿ ಎಂದುಕೊಳ್ಳೋಣ. 1878ರ ಡಿಸೆಂಬರ್ 10ರಂದು ಇಲ್ಲಿ ಹುಟ್ಟಿದ ರಾಜಾಜಿಯವರ ಮೇಲೆ ಒಂದು ಅಧ್ಯಾಯ, ಕೆಲವರಪಳ್ಳಿ ಅಣೆಕಟ್ಟಿನ ಮೇಲೆ ಇನ್ನೊಂದು. ಪರಿವಿಡಿಯನ್ನು ಕಂಪ್ಯೂಟರಿನ ವರ್ಡ್ ತಂತ್ರಾಂಶವೇ ಮಾಡಿಕೊಟ್ಟಿದೆ. ಎರಡು ಭಾಷೆಯವರೂ ಓದಲಿ ಎಂದು ಅದರಲ್ಲಿ ಕನ್ನಡ ಶೀರ್ಷಿಕೆಗಳ ಪಕ್ಕ ತಮಿಳಿನಲ್ಲೂ ಬರೆದಿರಿ. ಆಮೇಲೆ, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಜಿಲ್ಲೆ ಬೇರೆಯಾದ ಸಂಗತಿಯನ್ನು ನಡುವೆ ಸೇರಿಸಿದಿರಿ. ಪುಟಗಳು ಮುಂದಕ್ಕೆ ಹೋದವು. ಪರಿವಿಡಿಯನ್ನು ಹೊಸದು ಮಾಡಿದಿರಿ. ತಮಿಳು ಹೆಸರುಗಳೆಲ್ಲ ಮಾಯ! ಪ್ರೆಸ್ಸಿಗೆ ಕೊಡುವ ಹಿಂದಿನ ದಿನ ಹೀಗಾದರೆ ಯಾರಿಗೆ ತಾನೆ ಗಾಬರಿಯಾಗದು? ಕೂಡಲೇ ಕಂಟ್ರೋಲ್ ಜೊತೆ ಝಡ್ ಒತ್ತಿದರೆ ಹೋದದ್ದು ಮರಳಿ ಬರುತ್ತದೆ.

ಇದಕ್ಕೆ ಕಾರಣವೇನು? ಬ್ಯಾಂಕಿನಲ್ಲಿ ಲೆಡ್ಜರ್ ನೋಡಿ ಬಾಕಿ ಪಟ್ಟಿ ಇಳಿಸುತ್ತಿದ್ದೆವು. ಪಟ್ಟಿಯಲ್ಲಿ ಮಾತ್ರ ತಿದ್ದಿ ಲೆಡ್ಜರನ್ನು ಹಾಗೆಯೇ ಬಿಟ್ಟರೆ, ಮುಂದಿನ ಪಟ್ಟಿಯಲ್ಲಿ ಹಳೆಯ ಅಂಕಿಯೇ ಬರುತ್ತದೆ. ಪುಸ್ತಕದೊಳಗೆ ‘ಹೆಡಿಂಗ್ 1’, ‘ಹೆಡಿಂಗ್ 2’ ಎಂದು ಗುರುತು ಮಾಡಿದ ಶೀರ್ಷಿಕೆಗಳು ಲೆಡ್ಜರ್ ಇದ್ದಂತೆ. ಪರಿವಿಡಿ ಅದರಿಂದ ಇಳಿಸಿದ ಪಟ್ಟಿ. ಆದ್ದರಿಂದ ತಮಿಳು ಹೆಸರನ್ನು ಒಳಗಿನ ಶೀರ್ಷಿಕೆಯಲ್ಲೇ ಬರೆಯಿರಿ. ಎಷ್ಟು ಸಲ ಹೊಸದು ಮಾಡಿದರೂ ಅದು ಪರಿವಿಡಿಗೆ ಬರುತ್ತದೆ.

ಪರಿವಿಡಿಯ ಮೇಲೆ ಕರ್ಸರ್ ಇಟ್ಟು ಎಫ್ 9 ಒತ್ತಿದರೆ ವರ್ಡ್ ಎರಡು ದಾರಿ ತೋರಿಸುತ್ತದೆ. ‘ಅಪ್‌ಡೇಟ್ ಪೇಜ್ ನಂಬರ್ಸ್ ಓನ್ಲಿ’ ಎಂದರೆ ಪುಟಸಂಖ್ಯೆ ಮಾತ್ರ ಬದಲಾಗುತ್ತದೆ, ನಿಮ್ಮ ಕೈತಿದ್ದುಪಡಿ ಉಳಿಯುತ್ತದೆ. ಆದರೆ ಹೊಸ ಅಧ್ಯಾಯ ಪಟ್ಟಿಗೆ ಸೇರುವುದಿಲ್ಲ. ‘ಅಪ್‌ಡೇಟ್ ಎಂಟೈರ್ ಟೇಬಲ್’ ಎಂದರೆ ಎಲ್ಲವನ್ನೂ ಹೊಸದಾಗಿ ಬರೆಯುತ್ತದೆ, ಕೈತಿದ್ದುಪಡಿ ಅಳಿಯುತ್ತದೆ.

ಅಕ್ಷರದ ಗಾತ್ರ, ದಪ್ಪಗಳಿಗೂ ಇದೇ ನಿಯಮ. ಸಾಲುಗಳನ್ನು ಒಂದೊಂದಾಗಿ ಅಲಂಕರಿಸಬೇಡಿ. ‘ಟಿ.ಓ.ಸಿ. 1’, ‘ಟಿ.ಓ.ಸಿ. 2’ ಎಂಬ ಸ್ಟೈಲ್‌ಗಳಲ್ಲಿ ಬದಲಿಸಿದರೆ ಅದು ಉಳಿಯುತ್ತದೆ. ಕನ್ನಡದವರಿಗೆ ಇದು ಮುಖ್ಯ. ನುಡಿಯ ಹಳೆಯ ಅಕ್ಷರಗಳಲ್ಲಿ ಶೀರ್ಷಿಕೆ ಟೈಪ್ ಮಾಡಿದ್ದರೆ ಪರಿವಿಡಿಯಲ್ಲಿ ಅದು ಎಷ್ಟೋ ಸಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಆ ಸ್ಟೈಲ್‌ಗಳಿಗೆ ನುಡಿ ಫಾಂಟನ್ನೇ ಕೊಟ್ಟರೆ ಸರಿಹೋಗುತ್ತದೆ. ಕನ್ನಡ, ತಮಿಳು ಒಂದೇ ಸಾಲಿನಲ್ಲಿ ಬರಬೇಕಾದರೆ ಎರಡನ್ನೂ ಯೂನಿಕೋಡ್‌ನಲ್ಲಿ ಟೈಪ್ ಮಾಡುವುದೇ ಲೇಸು.

ಎಲ್ಲ ಮುಗಿದ ಮೇಲೂ ಪರಿವಿಡಿಯಲ್ಲಷ್ಟೇ ಏನಾದರೂ ಬದಲಿಸಬೇಕಿದ್ದರೆ, ಮೊದಲು ಕಡತದ ಇನ್ನೊಂದು ಪ್ರತಿ ಉಳಿಸಿಕೊಳ್ಳಿ. ನಂತರ ಪರಿವಿಡಿಯೊಳಗೆ ಕರ್ಸರ್ ಇಟ್ಟು ಕಂಟ್ರೋಲ್, ಶಿಫ್ಟ್, ಎಫ್ 9 ಒಟ್ಟಿಗೆ ಒತ್ತಿ. ಅದು ಸಾಮಾನ್ಯ ಬರಹವಾಗುತ್ತದೆ, ಮುಂದೆ ತಾನಾಗಿ ಬದಲಾಗದು. ಆಮೇಲೆ ಒಂದು ಪುಟ ಹೆಚ್ಚಿದರೂ ಸಂಖ್ಯೆಯನ್ನು ನೀವೇ ತಿದ್ದಬೇಕು. ಅಚ್ಚಿಗೆ ಕಳಿಸುವ ಮುನ್ನ ಒಬ್ಬರು ಪರಿವಿಡಿ ಓದಲಿ, ಇನ್ನೊಬ್ಬರು ಪುಟ ತಿರುವಿ ತಾಳೆ ನೋಡಲಿ.